ಹಿತ್ತಿಲಿನ 37 ಚುಕ್ಕಿಗಳು

ಹೆಸರಿನ ಬದಲು ‘ಖಾಲಿ ಅಂಗಳ’ ಎಂದು ಸಹಿ ಮಾಡಿರುವ ಮೈಸೂರಿನ ಓದುಗರೊಬ್ಬರ ಒಂಬತ್ತು ಪುಟಗಳ ಕಾಗದ ಎರಡು ವಾರಗಳಿಂದ ನನ್ನನ್ನು ಕಾಡುತ್ತಿದೆ. ಸರದಿಯಲ್ಲಿ ಕಾದಿರುವ ಉಳಿದ ಪತ್ರಗಳವರು ಕ್ಷಮಿಸಬೇಕು. ಬೆಳಗಿನ ಜಾವ ರಂಗೋಲಿ ಬಟ್ಟಲು ಹಿಡಿದು ಬಾಗಿಲಿಗೆ ಹೋಗುತ್ತಿದ್ದ ತಾಯಿಯ ಮಗಳು ನಾನು, ಆದ್ದರಿಂದ ಇದನ್ನು ಬದಿಗಿಡಲು ನನ್ನಿಂದಾಗಲಿಲ್ಲ.

ಸಂಗತಿ ಇಷ್ಟು. ನಲವತ್ತೇಳು ವರ್ಷದ ಈ ಗೃಹಿಣಿ ಮದುವೆಯಾಗಿ ಬಂದಾಗಿನಿಂದ, ಅಂದರೆ 26 ವರ್ಷಗಳಿಂದ, ಪ್ರತಿದಿನ ಮನೆಯ ಮುಂದೆ ನೀರು ಹಾಕಿ ರಂಗೋಲಿ ಬಿಡುತ್ತಾ ಬಂದವರು. ಪುಸ್ತಕ ನೋಡಿ ಹಾಕಿದ್ದು ಕಡಿಮೆ. ಚುಕ್ಕಿ ಇಟ್ಟ ಮೇಲೆ ಎಳೆ ತಾನಾಗಿಯೇ ದಾರಿ ಹುಡುಕಿಕೊಳ್ಳುತ್ತಿತ್ತಂತೆ. ಕಳೆದ ಧನುರ್ಮಾಸದ ನಡುವೆ ಒಂದು ಬೆಳಗ್ಗೆ, ನಡುಸಾಲಿಗೆ 15ರಿಂದ ಆರಂಭಿಸಿ, ಎರಡೂ ಬದಿಗೆ ಸಾಲಿಗೊಂದು ಕಡಿಮೆ ಮಾಡುತ್ತಾ 8ಕ್ಕೆ ನಿಲ್ಲಿಸಿ ಒಟ್ಟು 169 ಚುಕ್ಕಿಗಳನ್ನಿಟ್ಟು, ಎಳೆಯನ್ನು ಎಲ್ಲಿಂದ ತೆಗೆಯಬೇಕೆಂದು ತೋಚದೆ ಕುಕ್ಕುರುಗಾಲಿನಲ್ಲಿ ಹತ್ತು ನಿಮಿಷ ಕುಳಿತಿದ್ದು, ಕೊನೆಗೆ ಎಲ್ಲವನ್ನೂ ತೊಳೆದು ಒಂದು ನಕ್ಷತ್ರ ಬರೆದು ಒಳಗೆ ಬಂದರು. ಅಂದಿನಿಂದ ಇಂದಿನವರೆಗೂ ಅದೇ ನಕ್ಷತ್ರ. ಮುಟ್ಟು ನಿಲ್ಲುವ ವಯಸ್ಸು ಕಾರಣವೋ, ಮಗ ಕೆಲಸಕ್ಕೆಂದು ಪುಣೆಗೆ ಹೋದದ್ದು ಕಾರಣವೋ, ಇಲ್ಲವೇ ತಮ್ಮೊಳಗಿದ್ದ ಸರಕೇ ತೀರಿತೋ ಎಂದು ಅವರು ಕೇಳುತ್ತಾರೆ. ಬಣ್ಣದ ರಂಗೋಲಿಯ ತರಗತಿಗೆ ಸೇರಲೇ ಎಂಬ ಪ್ರಶ್ನೆಯೂ ಇದೆ. ಬೇಡ.

ಇವುಗಳ ಜೊತೆಗೆ ಎರಡು ಪುಟ ಪೂರ್ತಿಯಾಗಿ ಗಂಡನ ಮೇಲಿನ ದೂರು. ಆತ 26 ವರ್ಷಗಳಲ್ಲಿ ಒಂದು ದಿನವೂ ‘ಚೆನ್ನಾಗಿದೆ’ ಎಂದವರಲ್ಲ, ‘ಸ್ಕೂಟರನ್ನು ಗೋಡೆಯ ಅಂಚಿನಲ್ಲಿ ತಳ್ಳಿಕೊಂಡು ಹೋಗಿ ರಸ್ತೆಯಲ್ಲಿ ಸ್ಟಾರ್ಟ್ ಮಾಡುತ್ತಾರೆ, ಅಷ್ಟೇ’ ಎಂದು ಬರೆದಿದ್ದಾರೆ. ತಾಯಿ, ಆ ‘ಅಷ್ಟೇ’ ಎಂಬ ಪದವನ್ನು ದಯವಿಟ್ಟು ಹಿಂದಕ್ಕೆ ತೆಗೆದುಕೊಳ್ಳಿ. ಕಚೇರಿಗೆ ಹೊತ್ತಾಗಿರುವಾಗಲೂ ಎಳೆಯ ಮೇಲೆ ಚಕ್ರ ಹಾಯಿಸದೆ ಭಾರದ ಗಾಡಿಯನ್ನು 26 ವರ್ಷ ಅಂಚಿನಲ್ಲೇ ತಳ್ಳಿದ ಮನುಷ್ಯನಿಗೆ ರಂಗೋಲಿ ಅರ್ಥವಾಗುವುದಿಲ್ಲವೆಂದು ನಾನಂತೂ ಒಪ್ಪುವುದಿಲ್ಲ. ಅವರನ್ನು ಈ ಮೊಕದ್ದಮೆಯಿಂದ ಬಿಡುಗಡೆ ಮಾಡಿದ್ದೇನೆ.

ನನ್ನ ಕಣ್ಣು ನಿಂತದ್ದು ಏಳನೆಯ ಪುಟದಲ್ಲಿ, ಬೇರಾವುದೋ ಮಾತಿನ ಮಧ್ಯೆ ತುರುಕಿದ ಅರ್ಧ ವಾಕ್ಯದ ಮೇಲೆ: ‘ದಸರೆಯ ಹೊತ್ತಿಗೆ ಮಹಡಿ ಮನೆಗೆ ಬಂದ ನನ್ನ ನಾದಿನಿಗೆ ನನ್ನ ಮೇಲೆ ಬಹಳ ಅಭಿಮಾನ, ದಿನಾ ಬಾಲ್ಕನಿಯಿಂದ ಫೋಟೊ ತೆಗೆದು ಇನ್‌ಸ್ಟಾಗ್ರಾಂಗೆ ಹಾಕುತ್ತಾಳೆ, ಸಂಜೆ ಎಷ್ಟು ಲೈಕ್ ಬಂತೆಂದು ನಾನೂ ಸುಮ್ಮನೆ ಕೇಳುತ್ತೇನೆ.’ ದಸರೆಗೆ ನಾದಿನಿ ಬಂದಳು, ಧನುರ್ಮಾಸಕ್ಕೆ ಕೈ ನಿಂತಿತು. ಎರಡೂ ನೀವೇ ಬರೆದದ್ದು, ಆದರೆ ಐದು ಪುಟ ದೂರದೂರ ಬರೆದಿದ್ದೀರಿ. ಇನ್ನೂ ಮುಂದೆ, ‘ಇವತ್ತು ಹೊಸದೇನೂ ಇಲ್ವಾ ಅತ್ತಿಗೆ?’ ಎಂದು ಅವಳು ಮೇಲಿಂದ ಕೂಗಿದ್ದನ್ನು ಅಕ್ಕರೆಯ ಮಾತೆಂಬಂತೆ ಉಲ್ಲೇಖಿಸಿದ್ದೀರಿ. ಅದು ಅಕ್ಕರೆಯೇ ಇರಬಹುದು. ಆದರೆ ಬೆಳಗಿನ ಆರೂವರೆಗೆ ಬಾಗಿಲಲ್ಲಿ ನಿಂತು ಬಾಕಿ ಕೇಳುವವರ ದನಿಯೂ ಹೀಗೆಯೇ ಇರುತ್ತದೆ.

ನಾದಿನಿ ಮಾಡಿದ ಹಾನಿ ಏನೆಂದು ಅವಳಿಗೆ ತಿಳಿದಿರಲಾರದು, ಆದರೂ ತಪ್ಪು ಅವಳದೇ. ರಂಗೋಲಿಯ ದೊಡ್ಡ ಅನುಕೂಲವೆಂದರೆ ಅದು ಉಳಿಯುವುದಿಲ್ಲ. ಮಧ್ಯಾಹ್ನದೊಳಗೆ ತರಕಾರಿ ಗಾಡಿ ಅರ್ಧ ಅಳಿಸುತ್ತದೆ, ಉಳಿದರ್ಧ ಮರುದಿನದ ನೀರಿಗೆ ಹೋಗುತ್ತದೆ. ಸೊಟ್ಟಗಾದದ್ದು, ಹೋದವಾರದ್ದೇ ಮತ್ತೆ ಬಂದದ್ದು, ನಡುವೆ ಎಳೆ ತಪ್ಪಿ ಹೇಗೋ ಮುಚ್ಚಿದ್ದು, ಎಲ್ಲವೂ ಕೊಚ್ಚಿಹೋಗುತ್ತಿದ್ದುದರಿಂದಲೇ ನೀವು 26 ವರ್ಷ ನಿರಾಳವಾಗಿ ಕೈಯಾಡಿಸಿದಿರಿ. ಫೋಟೊ ಆ ಅಳಿಸುವಿಕೆಯನ್ನು ಕಿತ್ತುಕೊಂಡಿತು. ಈಗ ಇಂದಿನ ರಂಗೋಲಿಯ ಪಕ್ಕದಲ್ಲಿ ನಿನ್ನೆಯದು, ಮೊನ್ನೆಯದು ಸಾಲಾಗಿ ನಿಂತು, ಪ್ರತಿಯೊಂದೂ ತನ್ನ ಅಂಕಪಟ್ಟಿಯನ್ನು ಹಿಡಿದುಕೊಂಡಿವೆ. ಸರಕು ತೀರಿಲ್ಲ, ತಪ್ಪು ಮಾಡುವ ಜಾಗ ತೀರಿದೆ.

ಇದು ಕೇವಲ ನನ್ನ ಹಟದ ಮಾತಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು 1973ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ತಾವಾಗಿಯೇ ಇಷ್ಟಪಟ್ಟು ಚಿತ್ರ ಬರೆಯುತ್ತಿದ್ದ ಶಿಶುವಿಹಾರದ ಮಕ್ಕಳಲ್ಲಿ ಕೆಲವರಿಗೆ ‘ಬರೆದರೆ ಪ್ರಶಸ್ತಿಪತ್ರ ಕೊಡುತ್ತೇವೆ’ ಎಂದು ಮೊದಲೇ ಹೇಳಲಾಯಿತು, ಕೆಲವರಿಗೆ ಹೇಳದೆ ಕೊನೆಯಲ್ಲಿ ಕೊಡಲಾಯಿತು, ಇನ್ನು ಕೆಲವರಿಗೆ ಕೊಡಲೇ ಇಲ್ಲ. ಒಂದೆರಡು ವಾರಗಳ ನಂತರ ಸುಮ್ಮನೆ ಬಣ್ಣದ ಪೆನ್ನುಗಳನ್ನು ಮುಂದಿಟ್ಟಾಗ, ಮೊದಲೇ ಆಸೆ ಹುಟ್ಟಿಸಿದ್ದ ಮಕ್ಕಳು ಉಳಿದವರ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬರೆದರು. ಇಲ್ಲಿ ಗಮನಿಸಬೇಕಾದದ್ದು ಎರಡನೆಯ ಗುಂಪು: ನಿರೀಕ್ಷೆಯಿಲ್ಲದೆ ಬಂದ ಬಹುಮಾನ ಅವರನ್ನು ಕೆಡಿಸಲಿಲ್ಲ. ಹಾಗಾಗಿ ನಾದಿನಿಯ ಮೊದಲ ಫೋಟೊ ತಂದ ಸಂತೋಷವನ್ನು ನೆನೆದು ನೀವು ಅಪರಾಧಿ ಭಾವ ಪಡಬೇಕಿಲ್ಲ. ಅದು ಎದುರುಮನೆಯ ಅಜ್ಜಿ ಹಾಲಿಗೆ ಹೋಗುವಾಗ ಒಮ್ಮೆ ನಿಂತು ನೋಡಿದಂತೆ. ಕೆಡಿಸಿದ್ದು ನಾಳೆಯೂ ತೆಗೆಯುತ್ತಾಳೆಂಬ ಅರಿವು ಮತ್ತು, ಇಷ್ಟನ್ನು ನಾನು ಹೇಳಲೇಬೇಕು, ಸಂಜೆಯ ನಿಮ್ಮ ಆ ‘ಸುಮ್ಮನೆ’ ಕೇಳುವ ಪ್ರಶ್ನೆ.

‘ಕಣ್ಣು ಮುಚ್ಚಿ ಹಾಕುತ್ತಿದ್ದ ಬಳ್ಳಿ ರಂಗೋಲಿಯೂ ಮರೆತಿದೆ’ ಎಂಬ ನಿಮ್ಮ ಭಯಕ್ಕೂ ಉತ್ತರವಿದೆ. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿದ್ದ ಗಿಫ್ಟ್ ಸಿರೊಮನಿ ಮತ್ತು ಸಂಗಡಿಗರು 1970ರ ದಶಕದಿಂದ ತಮಿಳು ಮನೆಗಳ ಕೋಲಂಗಳನ್ನು, ಅಂದರೆ ಅವರ ರಂಗೋಲಿಗಳನ್ನು, ಗಣಿತದ ದೃಷ್ಟಿಯಿಂದ ಅಧ್ಯಯನ ಮಾಡಿದರು. ಹೆಂಗಸರು ಇಂಥ ವಿನ್ಯಾಸವನ್ನು ಪಟದ ಹಾಗೆ ನೆನಪಿಡುವುದಕ್ಕಿಂತ, ಇಲ್ಲಿ ನೇರ ಹೋಗು, ಈ ಚುಕ್ಕಿಯನ್ನು ಸುತ್ತು, ಅಲ್ಲಿ ತಿರುಗು ಎಂಬ ನಡೆಗಳ ಸಾಲಾಗಿ ನೆನಪಿಡುತ್ತಾರೆಂಬುದು ಅದರಲ್ಲಿ ಕಂಡುಬಂದ ಸಂಗತಿ. ನಡೆಯುವವನು ತನ್ನ ಪಾದವನ್ನೇ ನೋಡತೊಡಗಿದರೆ ಎಡವುತ್ತಾನೆ. ನೀವು ನಡುವೆ ತಲೆಯೆತ್ತಿ ಬಾಲ್ಕನಿಯಿಂದ ಅದು ಹೇಗೆ ಕಾಣಬಹುದೆಂದು ನೋಡತೊಡಗಿದ್ದೀರಿ. ಮರೆತಿರುವುದು ತಲೆ, ಕೈ ಅಲ್ಲ.

ಮುಗಿಯದ ಕೆಲಸವನ್ನು ಯಾರಿಗೂ ತೋರಿಸಬಾರದೆಂದು ಈ ಅಂಕಣದಲ್ಲಿ ನಾನು ಎಷ್ಟು ಬಾರಿ ಬರೆದಿದ್ದೇನೋ ಲೆಕ್ಕವಿಲ್ಲ. ಕೆಲವು ಕೆಲಸಗಳನ್ನು ಮುಗಿದ ಮೇಲೂ ತೋರಿಸಬಾರದೆಂದು ಈ ವಾರ ಸೇರಿಸುತ್ತೇನೆ. ಹಾಗೆಂದು ನಾದಿನಿಯೊಡನೆ ಜಗಳಕ್ಕೆ ನಿಲ್ಲಬೇಡಿ. ಒಂದೇ ಸೂರಿನ ಕೆಳಗೆ ಫೋಟೊದ ವಿಷಯಕ್ಕೆ ಮಾತು ಬಿಟ್ಟರೆ ಅದು ಶ್ರಾದ್ಧದ ಊಟದವರೆಗೂ ಹೋಗುತ್ತದೆ. ಬಾಗಿಲು ಬರಿದಾಗಿರಬಾರದೆಂಬ ನಿಮ್ಮ ಮನಸ್ಸೂ ನನಗೆ ಗೊತ್ತು. ಗೇಟಿನ ಮುಂದೆ ಎರಡೆಳೆ ಎಳೆದು ಆ ನಕ್ಷತ್ರವನ್ನೇ ಇಟ್ಟುಬಿಡಿ, ಒಂದು ತಿಂಗಳು ಅದನ್ನು ಬದಲಿಸಲೇಬೇಡಿ. ನಾದಿನಿಗೆ ಬೇಸರವಾಗಿ ತಾನಾಗಿಯೇ ಬೇರೆ ವಿಷಯ ಹುಡುಕಿಕೊಳ್ಳುತ್ತಾಳೆ.

ನಿಮಗೆ ನನ್ನ ಸೂಚನೆ ಒಂದೇ. ‘ಹಿತ್ತಿಲಿನ ಒಗೆಯುವ ಕಲ್ಲಿನ ಪಕ್ಕದಲ್ಲಿ ಕುಳಿತು ಬರೆಯುತ್ತಿದ್ದೇನೆ, ಇಲ್ಲಿ ಯಾರೂ ಬರುವುದಿಲ್ಲ’ ಎಂದು ಕಾಗದದ ಮೊದಲ ಸಾಲಿನಲ್ಲಿ ಹೇಳಿದ್ದೀರಲ್ಲ, ನಾಳೆ ಬೆಳಗ್ಗೆ ಫೋನನ್ನು ಒಳಗಿಟ್ಟು ಅಲ್ಲಿಗೆ ಹೋಗಿ, 7ರಿಂದ 4ಕ್ಕೆ ಚುಕ್ಕಿಯಿಡಿ. ಒಟ್ಟು 37 ಆಗುತ್ತವೆ, ಅದಕ್ಕಿಂತ ಒಂದೂ ಹೆಚ್ಚು ಬೇಡ. ಮೂವತ್ತು ದಿನವೂ ಅದೇ ಚುಕ್ಕಿ, ಎಳೆ ಮಾತ್ರ ಕೈಗೆ ಬಂದದ್ದು. ಕೆಟ್ಟರೆ ಕೆಡಲಿ, ನಡುವೆ ಅಳಿಸಬೇಡಿ, ಎಳೆಯನ್ನು ಹೇಗಾದರೂ ಮಾಡಿ ಮುಚ್ಚಿ ಎದ್ದುಬಿಡಿ. ಹತ್ತು ಗಂಟೆಗೆ ಬಟ್ಟೆ ಒಗೆದು ಬಕೆಟ್ಟಿನ ನೀರು ಚೆಲ್ಲಿದಾಗ ಅದು ಹೋಗುತ್ತದೆ.

ತಿಂಗಳು ಕಳೆದ ಮೇಲೆ ಏನಾಯಿತೆಂದು ಎರಡು ಸಾಲು ಬರೆದರೆ ಸಂತೋಷ. ಫೋಟೊ ಮಾತ್ರ ಕಳುಹಿಸಬೇಡಿ.