ಜಿಮ್ಖಾನಾ ಬೇಲಿಯಿಂದ ಶುರು ಮಾಡಿ

ಸಮಾಜಶಾಸ್ತ್ರ ಎಂ.ಎ.ಗೆ ಮುಂಬೈ ಕ್ರಿಕೆಟ್ ಬಗ್ಗೆ ಪ್ರಬಂಧ ಬರೆಯಬಹುದಾ, ಆಟ ಅಂದ್ರೆ ಹಗುರ ವಿಷಯ ಅಂತಾರಲ್ಲ ಎಂದು ಕೇಳಿದ್ದೀರಿ. ಖಂಡಿತ ಬರೆಯಿರಿ, ಹಗುರ ಅಂತೂ ಅಲ್ಲ.

ಒಂದು ಭಾನುವಾರ ಚರ್ನಿ ರೋಡ್‌ನಲ್ಲಿ ಇಳಿದು ಮರೀನ್ ಡ್ರೈವ್ ಗುಂಟ ನಡೆಯಿರಿ. ಹಿಂದೂ, ಇಸ್ಲಾಂ, ಪಾರ್ಸಿ ಜಿಮ್ಖಾನಾಗಳು, ಅಂದ್ರೆ ಒಂದೊಂದು ಸಮುದಾಯದ ಆಟದ ಕ್ಲಬ್ಬುಗಳು, ಸಾಲಾಗಿ ಸಿಗುತ್ತವೆ. ಊರು ಹೇಗೆ ಹಂಚಿಹೋಗಿತ್ತು ಅನ್ನೋದು ಆ ಬೇಲಿಗಳಲ್ಲೇ ಕಾಣುತ್ತದೆ. 1937ರಲ್ಲಿ ಶುರುವಾದ ಪೆಂಟ್ಯಾಂಗ್ಯುಲರ್ ಅನ್ನೋ ಐದು ತಂಡಗಳ ಟೂರ್ನಿಯಲ್ಲಿ ತಂಡಗಳೇ ಹಾಗಿದ್ದವು: ಯುರೋಪಿಯನ್ನರು, ಪಾರ್ಸಿಗಳು, ಹಿಂದೂಗಳು, ಮುಸ್ಲಿಮರು, ಮತ್ತೆ ‘ಉಳಿದವರು’. 1940ರಲ್ಲಿ ಗಾಂಧೀಜಿ ಇದು ಬೇಡ ಅಂದರು. ಆದರೂ 1946ರವರೆಗೆ ನಡೆಯಿತು.

ಇಂಥ ತಂಡಗಳು ಅದಕ್ಕೂ ಮೊದಲೇ ಇದ್ದವು; ಆ ಕಾಲದ ಬೌಲರ್ ಪಲವಣಕರ್ ಬಾಳೂ ಅವರನ್ನು ಮಾತ್ರ ಬಿಡಬೇಡಿ. ಹುಟ್ಟಿದ್ದು ನಮ್ಮ ಧಾರವಾಡದಲ್ಲಿ, ದಲಿತ ಕುಟುಂಬ. ಪುಣೆಯಲ್ಲಿ ಇಂಗ್ಲಿಷರ ಕ್ಲಬ್ಬಿನ ಮೈದಾನ ನೋಡಿಕೊಳ್ಳುತ್ತಾ, ಅವರಿಗೆ ನೆಟ್ಸ್‌ನಲ್ಲಿ ಬೌಲಿಂಗ್ ಮಾಡುತ್ತಾ ಬೆಳೆದವರು. ಹಿಂದೂ ತಂಡಕ್ಕೆ ಅವರ ಎಡಗೈ ಸ್ಪಿನ್ ಬೇಕಿತ್ತು. ಆದರೆ ಚಹಾ ಕೊಟ್ಟಿದ್ದು ಹೊರಗೆ, ಮಣ್ಣಿನ ಕುಡಿಕೆಯಲ್ಲಿ. ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ 114 ವಿಕೆಟ್ ತೆಗೆದರೂ ಹಿಂದೂ ತಂಡದ ನಾಯಕತ್ವ ಅವರಿಗೆ ಸಿಗಲಿಲ್ಲ. ಅದು ಸಿಕ್ಕಿದ್ದು ಅವರ ತಮ್ಮ ವಿಠಲ್‌ಗೆ, 1923ರಲ್ಲಿ.

‘ಕ್ರಿಕೆಟ್ ಮತ್ತು ಸಮಾಜ’ ಅಂತ ಸುಮ್ನೆ ದೊಡ್ಡ ಹೆಸರಿಡಬೇಡಿ. ಒಂದೇ ಮೈದಾನ ಹಿಡಿಯಿರಿ. ಪಿಚ್ ಮೇಲೆ ರೋಲರ್ ಎಳೆಯೋರು ಯಾರು, ಮಕ್ಕಳ ಕಿಟ್ ಯಾರು ಕೊಡಿಸ್ತಾರೆ, ಊಟಕ್ಕೆ ಯಾರು ಯಾರ ಜೊತೆ ಕೂರ್ತಾರೆ ನೋಡಿ. ಮೈದಾನ ನೋಡಿಕೊಳ್ಳೋ ಮಾಲಿಗಳ ಹತ್ತಿರ ಜಾಸ್ತಿ ಹೊತ್ತು ಕೂತು ಮಾತಾಡಿ. ಕನ್ನಡದವರು ಸಿಕ್ಕರೂ ಸಿಗಬಹುದು.