ಓದುಗರ ಪ್ರಶ್ನೆ, ತಜ್ಞರ ಉತ್ತರ: ಎರೆ ಇಲ್ಲದ ಗಾಳಕ್ಕೆ ಸಿಕ್ಕುವ ದೈತ್ಯ ಆಕ್ಟೋಪಸ್

ಉತ್ತರ ಪೆಸಿಫಿಕ್ ಸಾಗರದ ದೈತ್ಯ ಆಕ್ಟೋಪಸ್ ಬಗ್ಗೆ ಬಂದ ಪ್ರಶ್ನೆಗಳಿಗೆ ಈ ಬಾರಿಯ ಉತ್ತರ. ಎಂಟೆರೊಕ್ಟೋಪಸ್ ಡೋಫ್ಲೈನಿ ಎಂಬುದು ಇದರ ಶಾಸ್ತ್ರೀಯ ಹೆಸರು. ಕ್ಯಾಲಿಫೋರ್ನಿಯಾ ಕಡೆಯಿಂದ ಬ್ರಿಟಿಷ್ ಕೊಲಂಬಿಯಾ, ಅಲಾಸ್ಕಾ, ಬೇರಿಂಗ್ ಸಮುದ್ರ, ಕಮ್‌ಚಾಟ್ಕಾ ಹಾದು ಜಪಾನಿನ ಹೊಕ್ಕೈಡೋವರೆಗೆ ಕಮಾನಿನಂತೆ ಬಾಗಿದ ಕರಾವಳಿಯುದ್ದಕ್ಕೂ ಇದರ ವಾಸ. ಜಪಾನಿನಲ್ಲಿ ಇದನ್ನು ‘ಮಿಜುದಾಕೊ’, ಅಂದರೆ ನೀರು ಆಕ್ಟೋಪಸ್ ಎನ್ನುತ್ತಾರೆ.

ಪ್ರಶ್ನೆ: 270 ಕಿಲೋ ತೂಕದ, 9 ಮೀಟರ್ ಅಗಲದ ಆಕ್ಟೋಪಸ್ ಸಿಕ್ಕಿತ್ತೆಂದು ಓದಿದ್ದೇನೆ. ನಿಜವೇ?

ಆ ಅಂಕಿಗೆ ಗಟ್ಟಿ ಆಧಾರವಿಲ್ಲ. ಜೀವಂತವಾಗಿ ತೂಗಿ ದಾಖಲಿಸಿದ್ದರಲ್ಲಿ ವಿಜ್ಞಾನಿಗಳು ಒಪ್ಪುವ ಗರಿಷ್ಠ ತೂಕ 71 ಕೆ.ಜಿ. ಚೆನ್ನಾಗಿ ಬೆಳೆದದ್ದು ಸಾಮಾನ್ಯವಾಗಿ 15 ಕೆ.ಜಿ. ಆಸುಪಾಸು ತೂಗುತ್ತದೆ, ತೋಳು ಚಾಚಿದರೆ ತುದಿಯಿಂದ ತುದಿಗೆ ನಾಲ್ಕು ಮೀಟರ್ ಚಿಲ್ಲರೆ. ಅಗಲದ ಅಳತೆಯನ್ನಂತೂ ನೆಚ್ಚಿಕೊಳ್ಳಬೇಡಿ. ಮೂಳೆಯಿಲ್ಲದ ತೋಳು ಸತ್ತ ಮೇಲೆ ಎಳೆದಷ್ಟೂ ಉದ್ದ ಬರುತ್ತದೆ. ನಂಬಬೇಕಾದದ್ದು ತೂಕವನ್ನು, ಅದೂ ತಲೆಯಂತೆ ಕಾಣುವ ಮೈಚೀಲದೊಳಗಿನ ನೀರನ್ನು ಪೂರ್ತಿ ಬಸಿದ ಮೇಲೆ.

ಪ್ರಶ್ನೆ: ಇದು ತಣ್ಣೀರಿನಲ್ಲಿ ಮಾತ್ರ ಬದುಕುವುದೇಕೆ?

ಕಾರಣ ರಕ್ತದಲ್ಲಿದೆ. ನಮ್ಮ ರಕ್ತದಲ್ಲಿ ಆಮ್ಲಜನಕ ಹೊರುವುದು ಕಬ್ಬಿಣವಿರುವ ಹೀಮೋಗ್ಲೋಬಿನ್. ಇದರಲ್ಲಿ ಆ ಕೆಲಸ ತಾಮ್ರವಿರುವ ಹೀಮೋಸಯನಿನ್‌ನದು. ರಕ್ತ ನೀಲಿಯಾಗಿರುವುದೂ ಅದರಿಂದಲೇ. ಹೀಮೋಸಯನಿನ್ ಹೊರುವ ಆಮ್ಲಜನಕ ಕಡಿಮೆ, ರಕ್ತವೂ ಮಂದ. ಹಾಗಾಗಿ ಎರಡು ಕಿವಿರುಗಳಿಗೆ ಒಂದೊಂದು ಹೃದಯ, ಉಳಿದ ದೇಹಕ್ಕೆ ಇನ್ನೊಂದು, ಹೀಗೆ ಮೂರು ಹೃದಯ ಬೇಕಾಗಿವೆ. ನೀರು ತಣ್ಣಗಿದ್ದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಹೆಚ್ಚು, ದೇಹದ ಬೇಡಿಕೆ ಕಡಿಮೆ. ನೀರು ಬಿಸಿಯಾದರೆ ಎರಡೂ ತಿರುವುಮುರುವು. 7ರಿಂದ 9.5 ಡಿಗ್ರಿ ಸೆಲ್ಸಿಯಸ್ ಇದಕ್ಕೆ ಹಿತ. 15 ಡಿಗ್ರಿಯ ಹತ್ತಿರ ಬಂದರೆ ಬಳಲಿಕೆ ಶುರು. ಬೇಸಿಗೆ ನಡುವೆ ದಡದ ನೀರು ಕಾದಾಗ ಇವು ಆಳಕ್ಕೆ ಇಳಿಯುತ್ತವೆ, ಹಿಡಿಯುವವರೂ ಜಾಗ ಬದಲಿಸಬೇಕಾಗುತ್ತದೆ.

ಪ್ರಶ್ನೆ: ತಾಯಿ ಆಕ್ಟೋಪಸ್ ಒಮ್ಮೆ ಮೊಟ್ಟೆಯಿಟ್ಟು ಹಸಿವಿನಿಂದ ಸಾಯುತ್ತದಂತೆ. ಯಾರಾದರೂ ಆಹಾರ ಕೊಟ್ಟರೆ ಬದುಕೀತೇ?

ಕೊಟ್ಟರೂ ತಿನ್ನುವುದಿಲ್ಲ. ಮುಂದಿಟ್ಟ ಏಡಿಯನ್ನು ದೂರ ತಳ್ಳಿಬಿಡುತ್ತದೆ.

ಹೆಣ್ಣು ಬಂಡೆಯಡಿಯ ಪೊಟರೆ ಸೇರಿ, ಪೊಟರೆಯ ಬಾಯಿಗೆ ಕಲ್ಲುಗಳನ್ನು ಒಟ್ಟಿಕೊಳ್ಳುತ್ತದೆ. ಒಂದೊಂದು ಮೊಟ್ಟೆಯೂ ಅಕ್ಕಿಕಾಳಿನಷ್ಟು, ಅದಕ್ಕೊಂದು ಎಳೆಯಂಥ ತೊಟ್ಟು. ಬಾಯಿಯ ಬಳಿಯ ಪುಟ್ಟ ಹೀರುಬಟ್ಟಲುಗಳಿಂದ ತೊಟ್ಟುಗಳನ್ನು ಹೂಮಾಲೆ ಕಟ್ಟಿದಂತೆ ಹೆಣೆದು, ತನ್ನದೇ ಅಂಟಿನಿಂದ ಪೊಟರೆಯ ಮೇಲ್ಛಾವಣಿಗೆ ತೂಗುಹಾಕುತ್ತದೆ. ಒಂದು ಮಾಲೆಗೆ ಸುಮಾರು 200 ಮೊಟ್ಟೆ. ಎಲ್ಲ ಸೇರಿ ಇಪ್ಪತ್ತು ಸಾವಿರದಿಂದ ಲಕ್ಷದವರೆಗೂ ಹೋಗಬಹುದು. ಆಮೇಲೆ ಅದಕ್ಕೆ ಎರಡೇ ಕೆಲಸ: ತನ್ನ ಮೈಯ ಕೊಳವೆಯಿಂದ ಮಾಲೆಗಳ ಮೇಲೆ ನೀರು ಊದುವುದು, ತೋಳಿನ ತುದಿಯಿಂದ ಮೊಟ್ಟೆ ಒರೆಸುವುದು. ಊದದಿದ್ದರೆ ಭ್ರೂಣಕ್ಕೆ ಉಸಿರಿಲ್ಲ, ಒರೆಸದಿದ್ದರೆ ಪಾಚಿ, ಬ್ಯಾಕ್ಟೀರಿಯಾ ಹತ್ತುತ್ತವೆ. 10 ಡಿಗ್ರಿಯ ನೀರಿನಲ್ಲಿ ಮರಿಯಾಗಲು ಆರೇಳು ತಿಂಗಳು, ಇನ್ನೂ ತಣ್ಣಗಿದ್ದರೆ ಮತ್ತಷ್ಟು ಕಾಲ. ಅಷ್ಟೂ ದಿನ ಉಪವಾಸ. ಮರಿಗಳು ಹೊರಬರುವ ಹೊತ್ತಿಗೆ ತಾಯಿಯ ಮೈ ಕರಗಿ, ಚರ್ಮ ಬಿಳಿಚಿಕೊಂಡಿರುತ್ತದೆ.

ಈ ಸಾವನ್ನು ನಡೆಸುವುದು ಕಣ್ಣುಗಳ ಹಿಂದಿರುವ ದೃಕ್ ಗ್ರಂಥಿ. 1977ರಲ್ಲಿ ವಿಜ್ಞಾನಿ ಜೆರೋಮ್ ವೊಡಿನ್‌ಸ್ಕಿ ಬೇರೊಂದು ಜಾತಿಯ, ಬೆಚ್ಚನೆಯ ನೀರಿನ ಆಕ್ಟೋಪಸ್‌ನಲ್ಲಿ ಈ ಗ್ರಂಥಿಗಳನ್ನು ತೆಗೆದು ನೋಡಿದರು. ತಾಯಂದಿರು ಮೊಟ್ಟೆ ಬಿಟ್ಟು ಎದ್ದವು, ಮತ್ತೆ ತಿನ್ನತೊಡಗಿದವು, ಹೆಚ್ಚು ಕಾಲ ಬದುಕಿದವು. ಗಂಡಿಗೂ ಬಿಡುಗಡೆಯಿಲ್ಲ. ಕೂಡಿದ ಕೆಲವು ತಿಂಗಳಲ್ಲಿ ಅದೂ ತಿನ್ನುವುದು ಬಿಟ್ಟು, ಮೈಮೇಲೆ ವಾಸಿಯಾಗದ ಹುಣ್ಣುಗಳೊಂದಿಗೆ ಹಗಲಲ್ಲೂ ಬಯಲಲ್ಲಿ ಅಲೆದು ಸಾಯುತ್ತದೆ. ಒಟ್ಟು ಆಯುಸ್ಸು ಮೂರರಿಂದ ಐದು ವರ್ಷ.

ಪ್ರಶ್ನೆ: ಹೊಕ್ಕೈಡೋದಲ್ಲಿ ಎರೆಯೇ ಇಲ್ಲದೆ ಇದನ್ನು ಹಿಡಿಯುತ್ತಾರಂತೆ. ಹೇಗೆ?

ಎರಡು ವಿಧಾನಗಳಲ್ಲಿ ಎರೆ ಬೇಡ, ಮೂರನೆಯದರಲ್ಲಿ ಎರೆಯೋ ಅದರ ತೋರಿಕೆಯೋ ಇರುತ್ತದೆ.

ಮೊದಲನೆಯದು ಪೆಟ್ಟಿಗೆ. ಒಂದು ಕಡೆ ಬಾಯಿ ತೆರೆದ, ಬಾಗಿಲಿಲ್ಲದ ಪೆಟ್ಟಿಗೆಗಳನ್ನು ಉದ್ದ ಹಗ್ಗಕ್ಕೆ ಸಾಲಾಗಿ ಕಟ್ಟಿ ತಳಕ್ಕೆ ಬಿಡುತ್ತಾರೆ. ಇಲ್ಲಿ ಆಮಿಷ ಆಹಾರವಲ್ಲ, ಆಸರೆ. ರಾತ್ರಿ ಬೇಟೆಯಾಡಿದ ಆಕ್ಟೋಪಸ್‌ಗೆ ಹಗಲು ಮೈ ಮುದುಡಿ ಕೂರಲು ಕತ್ತಲ ಗೂಡು ಬೇಕು. ಹಾಗಾಗಿ ಬಂಡೆ ತುಂಬಿದ ತಳದಲ್ಲಿ ಪೆಟ್ಟಿಗೆ ಇಟ್ಟರೆ ಫಲ ಕಡಿಮೆ, ಅಲ್ಲಿ ಪುಕ್ಕಟೆ ಗೂಡು ಬೇಕಾದಷ್ಟಿವೆ. ಮರಳು, ಜಲ್ಲಿಯ ಬಯಲು ತಳವೇ ಸರಿಯಾದ ಜಾಗ. ಪೆಟ್ಟಿಗೆಗೆ ಭಾರ ಸಾಲದಿದ್ದರೆ ಸೆಳೆತಕ್ಕೆ ಅಲುಗಾಡುತ್ತದೆ, ಅಲುಗಾಡುವ ಮನೆಯಲ್ಲಿ ಅದು ನಿಲ್ಲುವುದಿಲ್ಲ. ಎತ್ತುವಾಗ ನಡುವೆ ನಿಲ್ಲಿಸದೆ ಒಂದೇ ಸಮನೆ ಎಳೆಯಬೇಕು. ಹೆದರಿದ ಆಕ್ಟೋಪಸ್ ಒಳಗೇ ಕಚ್ಚಿಕೊಂಡು ಕೂರುತ್ತದೆ, ಹಗ್ಗ ಸಡಿಲಾಗಿ ನಿಂತರೆ ಹೊರಗೆ ಜಾರುತ್ತದೆ. ಬಹಳ ದಿನ ಬಿಟ್ಟ ಪೆಟ್ಟಿಗೆಯಲ್ಲಿ ಹೆಣ್ಣು ಮೊಟ್ಟೆ ಇಟ್ಟಿರಬಹುದು. ಅಂಥದ್ದನ್ನು ಹಾಗೆಯೇ ಕೆಳಗಿಳಿಸಬೇಕು. ಕಾವು ಕೂತ ತಾಯಿಯ ಮಾಂಸ ಹೇಗೂ ಸಪ್ಪೆ, ನೀರುನೀರು. ತೆಗೆದರೆ ಹತ್ತಾರು ಸಾವಿರ ಮೊಟ್ಟೆಯೂ ಹೋಯಿತು.

ಎರಡನೆಯದು ಬರಿಗಾಳದ ಹಗ್ಗ, ಜಪಾನಿಯಲ್ಲಿ ‘ಕರತ್ಸುರಿ’. ಆಕ್ಟೋಪಸ್ ಓಡಾಡುವ ದಾರಿಗೆ ಅಡ್ಡಲಾಗಿ, ಒತ್ತೊತ್ತಾಗಿ ಕಟ್ಟಿದ ಚೂಪು ಗಾಳಗಳು ತಳಕ್ಕೆ ಸವರುವಷ್ಟು ತಗ್ಗಿನಲ್ಲಿ ತೂಗುತ್ತವೆ. ತಳದಲ್ಲಿ ತೆವಳುತ್ತ ಬಂದ ಪ್ರಾಣಿ ಒಂದು ಗಾಳಕ್ಕೆ ಸಿಕ್ಕಿ, ಬಿಡಿಸಿಕೊಳ್ಳಲು ಹೋಗಿ ಮತ್ತೆರಡಕ್ಕೆ ಸಿಕ್ಕಿಕೊಳ್ಳುತ್ತದೆ. ಇದರಲ್ಲಿ ಎಲ್ಲವೂ ಎತ್ತರದ ಮೇಲೆ ನಿಂತಿದೆ. ಗಾಳ ಮೇಲಾದರೆ ಕೆಳಗಿನಿಂದ ನುಸುಳಿ ಹೋಗುತ್ತದೆ, ಕೆಳಗಾದರೆ ಗಾಳ ಕಲ್ಲಿಗೆ ಕೊಕ್ಕೆ ಹಾಕುತ್ತದೆ, ಇಲ್ಲವೇ ಮರಳಲ್ಲಿ ಮೊಂಡಾಗುತ್ತದೆ.

ಮೂರನೆಯದು ‘ತಾರುನಾಗಾಶಿ’, ಪೀಪಾಯಿ ತೇಲಿಬಿಡುವುದು. ತೇಲುವ ಪೀಪಾಯಿಯಿಂದ ತಳದವರೆಗೆ ಹಗ್ಗ, ತುದಿಯಲ್ಲಿ ಭಾರ, ಆಮಿಷ, ಗಾಳಗಳು. ಸೆಳೆತಕ್ಕೆ ಪೀಪಾಯಿ ತೇಲಿದಂತೆ ಗಾಳ ತಳದ ಮೇಲೆ ಏಡಿಯ ಹಾಗೆ ತೆವಳುತ್ತದೆ. ಆಕ್ಟೋಪಸ್ ಅದನ್ನು ಅಪ್ಪಿಕೊಂಡಾಗ ಆ ಪೀಪಾಯಿ ಜೊತೆಯವಕ್ಕಿಂತ ಹಿಂದೆ ಬೀಳುತ್ತದೆ. ಸಣ್ಣ ದೋಣಿಯಲ್ಲಿ ಒಬ್ಬಿಬ್ಬರು ಸಾಲು ಪೀಪಾಯಿಗಳ ಮೇಲೆ ಕಣ್ಣಿಟ್ಟು ಇದನ್ನೇ ಕಾಯುತ್ತಾರೆ. ಹಗ್ಗ ಗಿಡ್ಡವಾದರೆ ಗಾಳ ತಳ ಬಿಟ್ಟು ಮೇಲೇಳುತ್ತದೆ. ಉದ್ದವಾದರೆ ಕಲ್ಲಿಗೆ ಸಿಕ್ಕಿ ಪೀಪಾಯಿ ಸುಮ್ಮನೆ ನಿಂತು ಮೋಸ ಮಾಡುತ್ತದೆ. ಆಳ ಬದಲಾದ ಕಡೆಯಲ್ಲೆಲ್ಲ ಹಗ್ಗ ಸರಿಪಡಿಸುವುದೇ ಇದರಲ್ಲಿನ ನಿಜವಾದ ಕಸುಬು. ಕೈತಪ್ಪುವುದು ಹೆಚ್ಚಾಗಿ ಕೊನೆಯ ಒಂದು ಮೀಟರಿನಲ್ಲಿ. ಆಕ್ಟೋಪಸ್ ದೋಣಿಯ ಪಕ್ಕಕ್ಕೆ ಒಂದು ತೋಳು ಅಂಟಿಸಿತೆಂದರೆ ಎಳೆದಷ್ಟೂ ಗಾಳ ಹರಿದುಬರುತ್ತದೆಯೇ ಹೊರತು ಅದು ಬರುವುದಿಲ್ಲ. ಹೆಣ್ಣಿಗೆ ತೋಳಿಗೆ 280ರಂತೆ 2,240 ಹೀರುಬಟ್ಟಲುಗಳಿವೆ! ನೀರಿನ ಮೇಲೆ ಕಾಣುತ್ತಲೇ ಕೊಕ್ಕೆಗೋಲು ಹಾಕಿ, ದೋಣಿಗೆ ತಾಗಿಸದೆ ಎತ್ತಬೇಕು.

ಪ್ರಶ್ನೆ: ಪೊಟರೆಯಿಂದ ಹೊರಡಿಸಲು ಮುಳುಗುಗಾರರು ಬ್ಲೀಚ್ ಬಳಸುವುದುಂಟೇ?

ಹಿಂದೆ ಉರಿ ತರಿಸುವ ರಾಸಾಯನಿಕಗಳನ್ನು ಬಳಸುತ್ತಿದ್ದರು. ಇದು ಸರಿಯಲ್ಲ. ಪೊಟರೆಯೊಳಗೆ ಹೋದ ರಾಸಾಯನಿಕ ಅಲ್ಲಿನ ಸಣ್ಣಪುಟ್ಟ ಜೀವಗಳನ್ನೆಲ್ಲ ಸುಡುತ್ತದೆ. ಕಾವು ಕೂತ ಹೆಣ್ಣಾದರೆ ಹೊರಗೆ ಬರದೆ ಅಲ್ಲೇ ಸಾಯುತ್ತದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 2012ರಲ್ಲಿ ಸಿಯಾಟಲ್‌ನ ಜನಪ್ರಿಯ ಡೈವಿಂಗ್ ತಾಣವೊಂದರಿಂದ ಒಂದು ಆಕ್ಟೋಪಸ್ಸನ್ನು ಹಿಡಿದೊಯ್ದದ್ದು ದೊಡ್ಡ ವಿವಾದವಾಯಿತು. ಹಿಡಿದದ್ದು ಆಗಿನ ಕಾನೂನಿನೊಳಗೇ ಇತ್ತು. ಮರುವರ್ಷ ಅಂಥ ಏಳು ತಾಣಗಳಲ್ಲಿ ಇದನ್ನು ಹಿಡಿಯುವುದನ್ನೇ ನಿಷೇಧಿಸಲಾಯಿತು.

ಪ್ರಶ್ನೆ: ಗಂಡು ಹೆಣ್ಣು ಗುರುತಿಸುವುದು ಹೇಗೆ?

ಪ್ರಾಣಿಯ ಬಲಗಡೆಯ ಮೂರನೆಯ ತೋಳು ನೋಡಿ. ಎಣಿಕೆ ಮುಂದಿನಿಂದ ಹಿಂದಕ್ಕೆ, ಬಲ ಎಂದರೆ ಪ್ರಾಣಿಯ ಬಲ, ನಿಮ್ಮದಲ್ಲ. ತುದಿಯವರೆಗೂ ಹೀರುಬಟ್ಟಲುಗಳಿದ್ದರೆ ಹೆಣ್ಣು. ತುದಿ ನುಣುಪಾಗಿ, ನಾಲಿಗೆಯಂತೆ ಮಡಿಚಿಕೊಂಡಿದ್ದರೆ ಗಂಡು. ಸುಮಾರು ಒಂದು ಮೀಟರ್ ಉದ್ದದ ವೀರ್ಯದ ಪೊಟ್ಟಣವನ್ನು ಹೆಣ್ಣಿನ ಮೈಚೀಲದೊಳಕ್ಕೆ ದಾಟಿಸುವುದು ಇದೇ ತೋಳು. ತುದಿ ತುಂಡಾಗಿ ಮತ್ತೆ ಬೆಳೆಯುತ್ತಿದ್ದರೆ ಮೋಸ ಹೋಗಬಹುದು, ಎಡಗಡೆಯ ಮೂರನೆಯ ತೋಳಿಗೆ ಹೋಲಿಸಿ.

ಪ್ರಶ್ನೆ: ಬಲೆಗೆ ಬಿದ್ದದ್ದನ್ನು ವಾಪಸ್ ಬಿಟ್ಟರೆ ಬದುಕುತ್ತದೆಯೇ? ಎಷ್ಟು ಹಿಡಿಯಬಹುದೆಂದು ಹೇಗೆ ಲೆಕ್ಕ ಹಾಕುತ್ತಾರೆ?

ಅಲಾಸ್ಕಾದಲ್ಲಿ ಕಾಡ್ ಮೀನಿಗೆ ಇಟ್ಟ ಪಂಜರಗಳಲ್ಲಿ ಇದು ಜೊತೆಗೆ ಸಿಗುತ್ತದೆ. ಮೀನಿನಂತೆ ಗಾಳಿಚೀಲ ಇಲ್ಲದ್ದರಿಂದ ಆಳದಿಂದ ಮೇಲೆ ಬಂದರೂ ಒಳಗೇನೂ ಒಡೆಯುವುದಿಲ್ಲ. ಪಂಜರದಿಂದ ಬೇಗ ತೆಗೆದು ಬಿಟ್ಟರೆ ಬಹುಪಾಲು ಬದುಕುತ್ತವೆ. ಟ್ರಾಲ್ ಬಲೆಯಲ್ಲಿ ಜಜ್ಜಿಹೋದದ್ದಕ್ಕೆ ಈ ಮಾತು ಹೇಳಲಾಗದು. ದೋಣಿಯಲ್ಲಿ ಇರಿಸುವುದಾದರೆ ಸಿಹಿನೀರು ತಾಗಿಸಬೇಡಿ. ಮೈಯ ಲವಣದ ಸಮತೋಲ ಕೆಟ್ಟು ಬೇಗ ಸಾಯುತ್ತದೆ. ಕರಗುವ ಮಂಜುಗಡ್ಡೆಯೂ ಸಿಹಿನೀರೇ, ಮುಚ್ಚಿದ ಬಾಟಲಿಯಲ್ಲಿಟ್ಟು ತಂಪು ಮಾಡಿ. ತೊಟ್ಟಿಗೆ ತಾಮ್ರದ ಕೊಳವೆ ಬೇಡ, ರಕ್ತದಲ್ಲಿ ತಾಮ್ರವಿದ್ದರೂ ನೀರಿಗೆ ಬಿಟ್ಟ ತಾಮ್ರ ಇದಕ್ಕೆ ವಿಷ. ಒಂದು ತೊಟ್ಟಿಗೆ ಒಂದೇ, ಎರಡಿದ್ದರೆ ದೊಡ್ಡದು ಸಣ್ಣದನ್ನು ತಿನ್ನುತ್ತದೆ.

ಲೆಕ್ಕ ಹಾಕುವುದು ಕಷ್ಟ. ಮೀನಿನ ವಯಸ್ಸನ್ನು ಕಿವಿಗಲ್ಲಿನ ಉಂಗುರಗಳಿಂದ ತಿಳಿಯುತ್ತೇವೆ. ಈ ಆಕ್ಟೋಪಸ್‌ನ ಸಮತೋಲನದ ಕಲ್ಲು ಸೀಮೆಸುಣ್ಣದಂತೆ ಮೆದು, ಉಂಗುರ ಓದಲು ಬರುವುದಿಲ್ಲ. ವಯಸ್ಸು ಗೊತ್ತಾಗದಿದ್ದರೆ ಮೀನುಗಾರಿಕೆಯ ಮಾಮೂಲಿ ಲೆಕ್ಕಗಳು ಕೈಕೊಡುತ್ತವೆ. ಬೇರಿಂಗ್ ಸಮುದ್ರದಲ್ಲಿ 2011ರಲ್ಲಿ ಆಕ್ಟೋಪಸ್‌ಗೆ ಪ್ರತ್ಯೇಕ ಮಿತಿ ಬಂದ ವರ್ಷವೇ ಅದು ತುಂಬಿಹೋಗಿ, ಕಾಡ್ ಪಂಜರಗಳನ್ನೂ ನಿಲ್ಲಿಸಬೇಕಾಯಿತು. ಮುಂದಿನ ವರ್ಷದಿಂದ ಜಾಣ ದಾರಿಯೊಂದು ಹಿಡಿದರು: ಕಾಡ್ ಮೀನಿನ ಹೊಟ್ಟೆ ಸೀಳಿ, ಅವು ವರ್ಷಕ್ಕೆ ಎಷ್ಟು ಆಕ್ಟೋಪಸ್ ತಿನ್ನುತ್ತವೆ ಎಂದು ಅಂದಾಜಿಸಿ, ಅದರ ಆಧಾರದ ಮೇಲೆ ಮಿತಿ. ಹೊಕ್ಕೈಡೋದಲ್ಲಿ ತೂಕದ ಮಿತಿಯಿದೆ, ಹಲವು ಕಡೆ ಎರಡು ಕಿಲೋ ಆಸುಪಾಸಿನ ಸಣ್ಣವನ್ನು ಬಿಡುತ್ತಾರೆ. ಆದರೆ ಈ ಜಾತಿ ಬಲಿಯುವುದು ಹತ್ತು ಕಿಲೋ ದಾಟಿದ ಮೇಲೆ. ಆದ್ದರಿಂದ ಆ ಮಿತಿ ಸಣ್ಣವಕ್ಕೆ ಬೆಳೆಯಲು ಕಾಲ ಕೊಡುತ್ತದೆ, ಆದರೆ ಮೊಟ್ಟೆಯಿಡುವವರೆಗೆ ಕಾಯುವುದಿಲ್ಲ. ಮೊಟ್ಟೆಯ ಕಾಲದಲ್ಲಿ ಹಿಡಿಯದೆ ಬಿಡುವುದು ಜೊತೆಗಿರಲೇಬೇಕು ಎಂಬುದು ನಮ್ಮ ಅಭಿಪ್ರಾಯ.

ಪ್ರಶ್ನೆ: ಬೇಯಿಸಿದರೆ ಕುಗ್ಗಿ ರಬ್ಬರಿನಂತಾಗುತ್ತದೆ. ತಪ್ಪೆಲ್ಲಿ?

ಹೆಸರಿನಲ್ಲೇ ನೀರಿದೆ. ಈ ಮಾಂಸದಲ್ಲಿ ನೀರಿನ ಅಂಶ ಹೆಚ್ಚು, ಕುಗ್ಗುವುದು ಸಹಜ. ರಬ್ಬರಾಗುವುದು ಹೊತ್ತಿನ ತಪ್ಪಿನಿಂದ. ತೆಳುವಾಗಿ ಹೆಚ್ಚಿ ಕ್ಷಣಕಾಲ ಕುದಿನೀರಿಗೆ ಅದ್ದಿದರೆ ಮೃದು, ಸಣ್ಣ ಉರಿಯಲ್ಲಿ ಬಹಳ ಹೊತ್ತು ಬೇಯಿಸಿದರೆ ಕೊಲಾಜೆನ್ ಎಂಬ ನಾರಿನಂಥ ಪ್ರೋಟೀನ್ ಕರಗಿ ಮತ್ತೆ ಮೃದು. ನಡುವೆ ನಿಲ್ಲಿಸಿದರೆ ಗಟ್ಟಿ. ಮೊದಲು ಮೈಚೀಲ ಒಳಹೊರಗು ಮಾಡಿ, ಮಸಿಚೀಲ ಒಡೆಯದಂತೆ ಕರುಳು ಕತ್ತರಿಸಿ, ಕಣ್ಣು ಮತ್ತು ಕೊಕ್ಕು ತೆಗೆಯಿರಿ. ಹರಳುಪ್ಪು ಹಾಕಿ ಉಜ್ಜಿದರೆ ಲೋಳೆ ಬೂದು ನೊರೆಯಾಗಿ ಬಿಡುತ್ತದೆ. ಹೀರುಬಟ್ಟಲುಗಳೊಳಗೆ ಬೆರಳು ಹಾಕಿ ಮರಳು ತೆಗೆದು, ನೊರೆ ನಿಲ್ಲುವವರೆಗೆ ತೊಳೆಯಿರಿ. ಒಂದು ದಿನ ಫ್ರೀಜರಿನಲ್ಲಿಟ್ಟು ಕರಗಿಸಿದರೆ ಸ್ನಾಯುವಿನ ಎಳೆಗಳು ಒಡೆದು ಅರ್ಧ ಕೆಲಸ ಆಗಿರುತ್ತದೆ. ಹಸಿಯಾಗಿ ತೆಳುವಾಗಿ ಹೆಚ್ಚುವುದಾದರೆ ಪೂರ್ತಿ ಕರಗುವ ಮೊದಲೇ ಚರ್ಮ ಸುಲಿದು ಕತ್ತಿ ಹಾಕಿ. ಕರಗಿ ಮೆತ್ತಗಾದ ತೋಳು ಕತ್ತಿಯಡಿ ಜಾರುತ್ತದೆ.