ಕಾಫಿ ಕಪ್ ಕಾಗದದ ಡಬ್ಬಿಗೆ ಬೇಡ
ಕ್ಯಾಂಪಸ್ಸಿನಲ್ಲಿ ಕಾಫಿ ಕುಡಿದ ಕಪ್ಪನ್ನು ಮರುಬಳಕೆಗೆ ಹಳೇ ಕಾಗದ ಹಾಕುವ ಡಬ್ಬಿಗೆ ಹಾಕಬಹುದಾ ಅಂತ ಕೇಳಿದ್ದೀರಿ. ಬೇಡ. ನೋಡಲು ಕಾಗದವೇ, ಆದರೆ ಕಾಫಿ ಸೋರದಿರಲಿ ಅಂತ ಒಳಮೈಗೆ ಸಾಮಾನ್ಯವಾಗಿ ಪ್ಲಾಸ್ಟಿಕ್ಕಿನ ತೆಳು ಪದರ ಅಂಟಿಸಿರುತ್ತಾರೆ. ಕಾಗದದ ಗಿರಣಿಯಲ್ಲಿ ಹಳೇ ಕಾಗದವನ್ನು ನೀರಿನಲ್ಲಿ ಕಲಸಿ ನಾರು ಬಿಡಿಸುತ್ತಾರೆ. ಆ ಪದರ ಇದ್ದರೆ ನಾರು ಸಲೀಸಾಗಿ ಬಿಡುವುದಿಲ್ಲ. ಅದಕ್ಕೆ ಬೇರೆ ವ್ಯವಸ್ಥೆಯೇ ಬೇಕು, ಅದು ಎಲ್ಲ ಕಡೆ ಇರುವುದಿಲ್ಲ. ಕಪ್ಪಿಗೆಂದೇ ಡಬ್ಬಿ ಇಟ್ಟಿದ್ದರೆ ಅಲ್ಲಿಗೆ ಹಾಕಿ, ಇಲ್ಲದಿದ್ದರೆ ಮರುಬಳಕೆಯಾಗದ ಕಸದ ಡಬ್ಬಿಗೆ. ಪ್ಲಾಸ್ಟಿಕ್ ಮುಚ್ಚಳ ಬೇರೆ ಮಾಡಿ.

ನೀವು ಕೇಳದಿದ್ದರೂ ಇದನ್ನು ಹೇಳಲೇಬೇಕು: ಕಪ್ ಮಾತ್ರವಲ್ಲ, ಅದರಲ್ಲಿ ಉಳಿದ ಕಾಫಿಯೂ ಹಾಳು ಮಾಡುತ್ತದೆ. ಅದು ಚೆಲ್ಲಿದರೆ ಡಬ್ಬಿಯಲ್ಲಿರುವ ಒಳ್ಳೇ ನೋಟ್ಸ್ ಹಾಳೆಗಳೂ ಒದ್ದೆಯಾಗಿ ಕೆಡುತ್ತವೆ. ಬೇರೆಯವರು ಸರಿಯಾಗಿ ವಿಂಗಡಿಸಿದ್ದೂ ಸುಮ್ನೆ ವ್ಯರ್ಥ, ಅಲ್ವಾ? ದಯವಿಟ್ಟು ಮೊದಲು ಸಿಂಕಿಗೆ ಸುರಿದುಬಿಡಿ.